ಪಿನ್‌ಬಾಲ್ ಮೆಷಿನ್: ನನ್ನ ಲಿಸ್ಟಲ್ಲಿ ಮೊದಲನೇದು ಬೇರೆ, ನೀವು ತಗೋಬೇಕಾದ್ದು ಬೇರೆ

ಹೋದ ತಿಂಗಳು ಇಲ್ಲಿ ಶಿಕಾಗೊ ಕಡೆ ಒಂದೇ ವಾರದಲ್ಲಿ ಮೂರು ಜನ ಒಂದೇ ಪ್ರಶ್ನೆ ಕೇಳಿದ್ರು. ಬೇಸ್‌ಮೆಂಟ್ ಕೆಲಸ ಮುಗೀತು, ಒಂದು ಮೂಲೆ ಖಾಲಿ ಇದೆ, ಪಿನ್‌ಬಾಲ್ ಮೆಷಿನ್ ತಂದಿಡೋಣ ಅಂತ, ನಿಂಗೆ ಇದರ ಹುಚ್ಚು ಇದೆಯಲ್ಲ, ಯಾವ್ದು ಬೆಸ್ಟ್ ಹೇಳು. ನಾನು ಪಟ್ ಅಂತ ಒಂದು ಹೆಸರು ಹೇಳಿಬಿಟ್ಟೆ, ರಾತ್ರಿ ಮಲಗಿ ಯೋಚ್ನೆ ಮಾಡಿದ್ರೆ ಮೂವರಿಗೂ ತಪ್ಪು ಹೇಳಿದೀನಿ ಅನ್ನಿಸ್ತು. ಯಾಕಂದ್ರೆ ನಂಗೆ ಇಷ್ಟದ ಮೆಷಿನ್‌ಗಳ ಲಿಸ್ಟು ಬೇರೆ, ಮನೇಲಿ ಇಟ್ಕೊಂಡು ಬಾಳ್ವೆ ಮಾಡಬೋದಾದ ಮೆಷಿನ್‌ಗಳ ಲಿಸ್ಟು ಬೇರೆ. ನನ್ನ ಲಿಸ್ಟಲ್ಲಿ ಮೊದಲನೇದು ಅಟ್ಯಾಕ್ ಫ್ರಮ್ ಮಾರ್ಸ್. ನಮ್ಮನೇಲಿ ನಿಂತಿರೋದು ಫಿಶ್ ಟೇಲ್ಸ್, ಅದು ಲಿಸ್ಟಲ್ಲಿ ಐದನೇದು. ಯಾಕೆ ಹಿಂಗಾಯ್ತು ಅಂತ ಹೇಳಿಬಿಟ್ರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂಗೆ.

ನಮ್ಮ ವಯಸ್ಸಿನೋರಿಗೆ ಪಿನ್‌ಬಾಲ್ ಅಂದ್ರೆ ಎರಡು ನೆನಪು. ಒಂದು ಬೇಸಿಗೆ ರಜೇಲಿ ಅಜ್ಜಿ ಮನೇಲಿ ಆಡ್ತಿದ್ದ ಬ್ಯಾಗಟೆಲ್ ಬೋರ್ಡು, ಹಲಗೆ ತುಂಬ ಸಣ್ಣ ಮೊಳೆ, ಸ್ಪ್ರಿಂಗ್ ಎಳೆದು ಬಿಟ್ರೆ ಗುಂಡು ಮೊಳೆಗೆ ತಗಲಿ ತಗಲಿ ಯಾವುದೋ ಗೂಡಲ್ಲಿ ಬೀಳೋದು. ಇನ್ನೊಂದು ಸೈಬರ್ ಕೆಫೆ ಕಂಪ್ಯೂಟರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬರ್ತಿದ್ದ ಸ್ಪೇಸ್ ಕೆಡೆಟ್, ಗಂಟೆಗೆ ದುಡ್ಡು ಕೊಟ್ಟು ಮೇಲ್ ನೋಡೋಕೆ ಅಂತ ಹೋಗಿ ಅದನ್ನ ಆಡ್ಕೊಂಡು ಬರ್ತಿದ್ವಿ. ನಿಜವಾದ ಮೆಷಿನ್‌ಗೆ ಆ ಬ್ಯಾಗಟೆಲ್ಲೇ ಮುತ್ತಜ್ಜಿ. 1947ರಲ್ಲಿ ಗಾಟ್ಲೀಬ್ ಕಂಪನಿ ಹಂಪ್ಟಿ ಡಂಪ್ಟಿ ಅನ್ನೋ ಮೆಷಿನ್‌ಗೆ ಕರೆಂಟಿನ ಫ್ಲಿಪ್ಪರ್, ಅಂದ್ರೆ ಬಟನ್ ಒತ್ತಿದ್ರೆ ಗುಂಡನ್ನ ಮೇಲಕ್ಕೆ ಹೊಡೆಯೋ ಪುಟ್ಟ ಕೈ, ಹಾಕೋವರೆಗೂ ಇದೂ ಹಂಗೇ, ಗುಂಡು ಬಿಟ್ಟು ನೋಡ್ತಾ ನಿಲ್ಲೋ ಆಟ. ಈಗಿನದ್ರಲ್ಲಿ 80 ಗ್ರಾಂ ತೂಕದ, 27 ಮಿಲಿಮೀಟರ್ ಸ್ಟೀಲ್ ಗುಂಡು ಆರೂವರೆ ಡಿಗ್ರಿ ಇಳಿಜಾರಲ್ಲಿ ನಿಮ್ಮ ಕಡೆಗೇ ಉರುಳಿಕೊಂಡು ಬರತ್ತೆ, ಫ್ಲಿಪ್ಪರಲ್ಲಿ ಹೊಡೆದಾಗ ಆ ತೂಕ ಅಂಗೈಗೆ ಗೊತ್ತಾಗತ್ತೆ. ಮೊಬೈಲ್ ಆಪಲ್ಲಿ ಎಷ್ಟೇ ಆಡಿದ್ರೂ ಅದೊಂದು ಸಿಗಲ್ಲ.

ಸರಿ, ಮೊದಲು ಅಳತೆಗೋಲು. ನಾನು ನಾಲ್ಕು ಇಟ್ಕೊಂಡಿದೀನಿ.

ಒಂದು, ಬಾಲ್ ಫ್ಲಿಪ್ಪರ್ ದಾಟಿ ಕೆಳಗೆ ಬಿದ್ದು ಹೋದಾಗ ತಪ್ಪು ಯಾರದ್ದು ಅನ್ನೋದು. ಇದು ದೊಡ್ಡ ವಿಷ್ಯ, ಇದರ ಮೇಲೆ ಕಾನೂನೇ ಆಗಿತ್ತು. ನ್ಯೂಯಾರ್ಕ್ ಮೇಯರ್ ಲಾಗಾರ್ಡಿಯಾ 1942ರಲ್ಲಿ ಪಿನ್‌ಬಾಲ್ ಅಂದ್ರೆ ಜೂಜು ಅಂತ ಬ್ಯಾನ್ ಮಾಡಿ, ಮೆಷಿನ್‌ಗಳನ್ನ ಸುತ್ತಿಗೇಲಿ ಒಡೆಸಿದ್ರು. 34 ವರ್ಷ ಆದ್ಮೇಲೆ, 1976ರಲ್ಲಿ, ರೋಜರ್ ಶಾರ್ಪ್ ಅನ್ನೋರು ಸಿಟಿ ಕೌನ್ಸಿಲ್‌ನೋರ ಮುಂದೆ ಆಡಿ ತೋರಿಸ್ತಾ, ಬಾಲ್ ಬಿಡೋ ಸ್ಪ್ರಿಂಗ್ ಕಡ್ಡಿ, ಅದೇ ಪ್ಲಂಜರ್, ಎಳೆಯೋಕೆ ಮುಂಚೆನೇ ಈ ಸಲ ಬಾಲು ಮೇಲುಗಡೆ ಮಧ್ಯದ ಲೇನಲ್ಲೇ (ದಾರೀಲೇ) ಇಳಿಯತ್ತೆ ಅಂತ ಹೇಳಿ ಹಂಗೇ ಇಳಿಸಿದ್ರು, ಬ್ಯಾನ್ ಹೋಯ್ತು. ಒಳ್ಳೆ ಮೆಷಿನ್ನಲ್ಲಿ ಸೋತಾಗ ನಮ್ಮ ಕೈಗೆ ಬೈಕೋತೀವಿ, ಕೆಟ್ಟ ಮೆಷಿನ್ನಲ್ಲಿ ಸೋತಾಗ ಮೆಷಿನ್ನಿಗೆ ಬೈತೀವಿ. ಇನ್ನೊಂದು ಆಟ ಆಡೋಣ ಅನ್ನಿಸೋದು ಮೊದಲನೇದ್ರಲ್ಲಿ ಮಾತ್ರ.

ಎರಡು, ಅಮ್ಮ ಟೆಸ್ಟ್. ಊರಿಂದ ಆರು ತಿಂಗಳಿಗೆ ಅಂತ ಬಂದಿರೋ ಅಮ್ಮನ್ನ ಮೆಷಿನ್ ಮುಂದೆ ನಿಲ್ಲಿಸಿದ್ರೆ ಏನು ಹೊಡೀಬೇಕು ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗ್ಬೇಕು. ಮನೆಗೆ ಬರೋ ನೆಂಟ್ರು, ಮಕ್ಕಳ ಫ್ರೆಂಡ್ಸು, ಎಲ್ರೂ ಇದೇ ಲೆಕ್ಕ.

ಮೂರು, ನೂರನೇ ಆಟ. ಕಾಸು ಹಾಕಿ ಆಡೋ ಆರ್ಕೇಡಲ್ಲಿ ಐದು ಆಟ ಆಡಿ ಹೊರಟು ಬರ್ತೀವಿ, ಅಲ್ಲಿ ಎಲ್ಲಾ ಮೆಷಿನ್ನೂ ಚೆಂದನೇ. ಮನೇಲಿ ಅದೇ ಮೆಷಿನ್ನು, ಅದೇ ಡೈಲಾಗು, ದಿನಾ. ಆಡೋರಿಗಿಂತ ಮೇಲುಗಡೆ ಅಡುಗೆಮನೇಲಿ ಇರೋರು ಜಾಸ್ತಿ ಕೇಳಿಸ್ಕೊತಾರೆ.

ನಾಲ್ಕು, ದುಡ್ಡು ಮತ್ತೆ ಸ್ಕ್ರೂಡ್ರೈವರ್. ಇವೆರಡೂ ಒಂದೇ ಅಳತೆ, ಒಂದು ಕಮ್ಮಿ ಆದ್ರೆ ಇನ್ನೊಂದು ಜಾಸ್ತಿ ಬೇಕಾಗತ್ತೆ.

ಈಗ ಅಟ್ಯಾಕ್ ಫ್ರಮ್ ಮಾರ್ಸ್. 1995, ಬ್ಯಾಲಿ ಕಂಪನಿ ಹೆಸರಲ್ಲಿ ಬಂತು, ಡಿಸೈನ್ ಬ್ರಯನ್ ಎಡ್ಡಿ. ಫ್ಲಿಪ್ಪರ್ ಎದುರಿಗೆ ನೆಟ್ಟಗೆ ಒಂದು ಹಾರೋ ತಟ್ಟೆ, ಅದರ ಮುಂದೆ ಮೂರು ಟಾರ್ಗೆಟ್‌ನ ಒಂದು ಸಣ್ಣ ಗೋಡೆ. ಟಾರ್ಗೆಟ್ ಹೊಡೆದ್ರೆ ಗೋಡೆ ಕೆಳಗಿಳಿಯತ್ತೆ, ಆಮೇಲೆ ತಟ್ಟೆಗೇ ಹೊಡೀಬೇಕು, ಪ್ರತಿ ಏಟಿಗೂ ಅದು ಅಲ್ಲಾಡತ್ತೆ, ಸುತ್ತ ನಿಂತಿರೋ ಮಂಗಳ ಗ್ರಹದ ಹಸಿರು ಪುಟಾಣಿಗಳು ಚಳಿ ಬಂದಂಗೆ ಗಡಗಡ ನಡುಗ್ತವೆ. ಅಷ್ಟೇ, ಯಾರಿಗೂ ವಿವರಿಸೋದೇ ಬೇಡ. ಆದ್ರೆ ಮಧ್ಯಕ್ಕೆ ಹೊಡೆದಿದ್ದು ಮಧ್ಯಕ್ಕೇ ವಾಪಸ್ ಬರತ್ತಲ್ಲ, ಎರಡು ಫ್ಲಿಪ್ಪರ್ ನಡುವಿನ ಸಂದಿಗೆ ನೇರ, ಸ್ವಲ್ಪ ಓರೆಯಾಗಿ ಹೊಡೀಲಿಲ್ಲ ಅಂದ್ರೆ ಬಾಲ್ ಹೋಯ್ತು. ಆಟದ ಆಸೆನೂ ಭಯನೂ ಒಂದೇ ಜಾಗದಲ್ಲಿ ಇಟ್ಟಿದಾರೆ, ಸೋತಾಗ ಒಂದೇ ಒಂದು ಸಲನೂ ನಂಗೆ ಮೆಷಿನ್ ಮೇಲೆ ಕೋಪ ಬಂದಿಲ್ಲ. ಸ್ಕೋರ್ ಬಿಲಿಯನ್ ಲೆಕ್ಕದಲ್ಲಿ ಬರತ್ತೆ, ಅಂದ್ರೆ ನೂರು ಕೋಟಿ, ಮಕ್ಕಳಿಗೆ ಅದೇ ಒಂದು ಖುಷಿ. ಮಾಡಿದ್ದು ಬರೀ 3,450 ಮೆಷಿನ್, ಒರಿಜಿನಲ್ ಬೆಲೆ ಕೇಳಿದ್ರೆ ಬಾಯಿ ಮುಚ್ಕೊಂಡು ಮನೆಗೆ ಬರ್ತೀರಾ. ಶಿಕಾಗೊ ಗೇಮಿಂಗ್ ಅನ್ನೋ ಕಂಪನಿ 2017ರಲ್ಲಿ ಇದನ್ನ ಹೊಸದಾಗಿ ಮಾಡಿ ಮಾರಿದ್ರು, ಅದನ್ನೇ ನಾನು ಹೇಳೋದು, ಹಳೇದ್ರ ಆಟನೇ ಇರತ್ತೆ, ಒಳಗಿನ ಬೋರ್ಡುಗಳು ಹೊಸವು. ಅದೂ ಅಗ್ಗ ಅಲ್ಲ, ಎಂಟು ಸಾವಿರ ಡಾಲರ್ ಸುತ್ತಮುತ್ತ ಇಟ್ಕೊಳಿ.

ಎರಡನೇದು ಮೆಡೀವಲ್ ಮ್ಯಾಡ್ನೆಸ್, 1997, ವಿಲಿಯಮ್ಸ್ ಕಂಪನಿ, ಡಿಸೈನ್ ಅದೇ ಬ್ರಯನ್ ಎಡ್ಡಿ. ತುಂಬಾ ಜನ ಇದನ್ನೇ ಮೊದಲು ಇಡ್ತಾರೆ, ನಂದೇನೂ ಜಗಳ ಇಲ್ಲ. ತಟ್ಟೆ ಜಾಗದಲ್ಲಿ ಕೋಟೆ, ಮೊದಲು ಸೇತುವೆ ಬೀಳಿಸ್ಬೇಕು, ಆಮೇಲೆ ಕಬ್ಬಿಣದ ಗೇಟು, ಒಳಗೆ ನುಗ್ಗಿದ್ರೆ ಕೋಟೆ ಢಂ. ಮಧ್ಯೆ ಟೇಬಲ್ ಒಳಗಿಂದ ಎರಡು ರಾಕ್ಷಸನ ತಲೆ ಮೇಲೆ ಬರ್ತವೆ, ಅವುಕ್ಕೆ ಮುಖಕ್ಕೇ ಹೊಡೀಬೇಕು, ನನ್ನ ಮಗಳಿಗೆ ಇದಕ್ಕಿಂತ ಸ್ವರ್ಗ ಬೇರೆ ಇಲ್ಲ. ಧ್ವನಿ ಕೊಟ್ಟೋರಲ್ಲಿ ಕಾಮಿಡಿ ನಟಿ ಟೀನಾ ಫೇ ಕೂಡ ಇದಾರೆ, ಆಗಿನ್ನೂ ಅವರು ಇಲ್ಲೇ ಶಿಕಾಗೋದಲ್ಲಿ ಕಾಮಿಡಿ ಮಾಡ್ಕೊಂಡಿದ್ರು. ಹಂಗಾದ್ರೆ ಯಾಕೆ ಎರಡನೇದು ಅಂದ್ರೆ, ಮೆಷಿನ್ ಹೇಳೋ ಆ ಜೋಕುಗಳೇ. ಮೊದಲ ಇಪ್ಪತ್ತು ಆಟ ನಗ್ತೀವಿ, ಆಮೇಲೆ ಜೋಕ್ ಬರೋಕೆ ಮುಂಚೆನೇ ನಾವೇ ಹೇಳ್ತೀವಿ, ಆಮೇಲೆ ವಾಲ್ಯೂಮ್ ಕಮ್ಮಿ ಮಾಡ್ತೀವಿ. ಇದರದ್ದು 4,016 ಮಾಡಿದ್ರು, 2015ರಿಂದ ಇದಕ್ಕೂ ರೀಮೇಕ್ ಇದೆ. ಮನೇಲಿ ಹತ್ತು ವರ್ಷದ ಒಳಗಿನ ಮಕ್ಕಳಿದ್ರೆ ಕಣ್ಣು ಮುಚ್ಚಿ ಇದು, ದೊಡ್ಡೋರೇ ಆಡೋದಾದ್ರೆ ಮಾರ್ಸ್.

ಮೂರನೇದಕ್ಕೆ ಬಂದ್ರೆ ನಾನು ನ್ಯಾಯವಾಗಿ ಇರೋಕಾಗಲ್ಲ, ಯಾಕಂದ್ರೆ ಆಡಮ್ಸ್ ಫ್ಯಾಮಿಲಿ ನಾನು ಆಡಿದ ಮೊದಲನೇ ಮೆಷಿನ್ನು. ಮಾಸ್ಟರ್ಸ್ ಓದೋಕೆ ಬಂದು ಮೊದಲನೇ ಚಳಿಗಾಲ, ರೂಮ್‌ಮೇಟ್ಸ್ ಬೌಲಿಂಗ್‌ಗೆ ಕರ್ಕೊಂಡು ಹೋದ್ರು, ನಂಗೆ ಬೌಲಿಂಗ್ ಬರಲ್ಲ, ಮೂಲೇಲಿ ಇದು ನಿಂತಿತ್ತು. ಒಂದು ಕ್ವಾರ್ಟರ್ (ಕಾಲು ಡಾಲರ್ ನಾಣ್ಯ) ಹಾಕಿ, ಇನ್ನೊಂದು ಹಾಕಿ, ಬಾಲು ಮೇಲೆ ಎಲ್ಲೋ ಹೋಗಿ ನಿಂತುಬಿಡ್ತು, ಕೆಟ್ಟೋಯ್ತೇನೋ ಅಂದ್ಕೊಂಡೆ, ಅಷ್ಟರಲ್ಲಿ ಒಂದು ಪೆಟ್ಟಿಗೆ ಮುಚ್ಚಳ ತೆಗೆದು ಒಳಗಿಂದ ಒಂದು ಕೈ ಬಂತು. ಬರೀ ಕೈ. ಬಂದು ಬಾಲ್ ಎತ್ಕೊಂಡು ಪೆಟ್ಟಿಗೆ ಒಳಗೆ ಹೋಗ್ಬಿಡ್ತು. ಎಷ್ಟೋ ವರ್ಷ ಆದ್ಮೇಲೆ ಅಮ್ಮನಿಗೆ ಒಂದು ಆರ್ಕೇಡಲ್ಲಿ ಇದನ್ನ ಆಡಿಸಿದಾಗ ಅಮ್ಮ "ಅಯ್ಯೋ, ಕೈ ಕಣೋ!" ಅಂತ ಎರಡು ಹೆಜ್ಜೆ ಹಿಂದೆ ಹೋಗಿ, ಆಮೇಲೆ ಬರೀ ಕೈ ನೋಡೋಕೆ ಅಂತ ನಾಲ್ಕು ಆಟ ಆಡಿದ್ರು. 1992, ಪ್ಯಾಟ್ ಲಾಲರ್ ಡಿಸೈನು, ಹಿಂದಿನ ವರ್ಷ ಬಂದಿದ್ದ ಸಿನಿಮಾ ಮೇಲೆ ಮಾಡಿದ್ದು, ಆ ಸಿನಿಮಾದ ರಾವುಲ್ ಜೂಲಿಯಾ, ಆಂಜೆಲಿಕಾ ಹ್ಯೂಸ್ಟನ್ ಅವರೇ ಮೆಷಿನ್‌ಗೂ ಧ್ವನಿ ಕೊಟ್ಟಿದಾರೆ. 20,270 ಮೆಷಿನ್ ಮಾಡಿದ್ರು, ಆ ಕಾಲಕ್ಕೆ ಅದು ದಾಖಲೆ.

ಆದ್ರೆ ನನ್ನ ಮೊದಲನೇ ಅಳತೇಲೇ ಇದು ಸ್ವಲ್ಪ ಬೀಳತ್ತೆ. ಟೇಬಲ್ ಕೆಳಗೆ ಮೂರು ಆಯಸ್ಕಾಂತ ಇದೆ, ಕೆಲವು ಸಲ ಅವು ಆನ್ ಆಗಿ ಬಾಲನ್ನ ಅಲ್ಲಿಂದಿಲ್ಲಿಗೆ ಎಳೆದಾಡ್ತವೆ, ಚೆನ್ನಾಗಿ ಹೊಡೆದಿದ್ದೂ ಎಲ್ಲೋ ಹೋಗ್ಬಿಡತ್ತೆ. ಆರ್ಕೇಡಲ್ಲಿ ಅದು ಮಜಾ, ಮನೇಲಿ ಒಬ್ರೇ ರಾತ್ರಿ ಹನ್ನೊಂದು ಗಂಟೆಗೆ ಹೈ ಸ್ಕೋರ್ ಹತ್ರ ಇರೋವಾಗ ಅಲ್ಲ. ಅಷ್ಟೊಂದು ಮಾಡಿದ್ರೂ ಬೆಲೆ ಇಳಿದಿಲ್ಲ, ಕಂಡಿಶನ್ ಚೆನ್ನಾಗಿದ್ರೆ ಹತ್ತು ಸಾವಿರ ಕೇಳೋರೂ ಇದಾರೆ, ಇದಕ್ಕೆ ಅಷ್ಟು ಕೊಡಬೇಡಿ ಅಂತ ನನ್ನ ಮಾತು, ಕೊಟ್ಟೇ ಕೊಡ್ತೀರಾ ಅಂತಾನೂ ಗೊತ್ತು.

ನಾಲ್ಕನೇದು ಗಾಡ್ಜಿಲಾ. ಮೇಲಿನ ಮೂರೂ ತೊಂಬತ್ತರ ದಶಕದ್ದು, ಇದು 2021ರದ್ದು, ಸ್ಟರ್ನ್ ಕಂಪನಿ, ಇಲ್ಲೇ ಶಿಕಾಗೊ ಪಕ್ಕದ ಎಲ್ಕ್ ಗ್ರೋವ್ ವಿಲೇಜಲ್ಲಿ ಫ್ಯಾಕ್ಟರಿ. ಡಿಸೈನ್ ಮಾಡಿದ ಕೀತ್ ಎಲ್ವಿನ್ ಮೊದಲು ಟೂರ್ನಮೆಂಟ್ ಚಾಂಪಿಯನ್, ಆಮೇಲೆ ಡಿಸೈನರ್ ಆದೋರು, ಅದು ಆಟದಲ್ಲೇ ಗೊತ್ತಾಗತ್ತೆ, ಒಂದು ಶಾಟ್ ಸರಿಯಾಗಿ ಬಿತ್ತು ಅಂದ್ರೆ ಬಾಲು ಸುತ್ತಿ ಬಂದು ಮುಂದಿನ ಶಾಟಿಗೆ ತಾನೇ ತಯಾರಾಗಿ ನಿಲ್ಲತ್ತೆ. ನೂರನೇ ಆಟದ ಪರೀಕ್ಷೇಲಿ ಇದಕ್ಕೆ ಸಾಟಿ ಇಲ್ಲ, ರೂಲ್ಸ್ ಅಷ್ಟು ಆಳ ಇದೆ. ಅಮ್ಮ ಟೆಸ್ಟಲ್ಲಿ ಮಾತ್ರ ಫೇಲು. ಸ್ಕ್ರೀನಲ್ಲಿ ಏನೇನೋ ಓಡ್ತಿರತ್ತೆ, ಲೈಟುಗಳು ಹತ್ತು ಕಡೆ ಮಿಣಕ್ತವೆ, ಹೊಸಬರು ಸುಮ್ನೆ ಎರಡು ಬಟನ್ ಒತ್ತುತಾ ನಿಂತಿರ್ತಾರೆ.

ಇಲ್ಲಿ ಇನ್ನೊಂದು ತಲೆನೋವು, ಪ್ರೊ, ಪ್ರೀಮಿಯಂ, ಲಿಮಿಟೆಡ್ ಅಂತ ಮೂರು ಥರ. ಸ್ಟರ್ನ್‌ನ ಹೊಸ ಮೆಷಿನ್‌ಗಳು ಹೆಚ್ಚುಕಮ್ಮಿ ಏಳು ಸಾವಿರ, ಒಂಬತ್ತೂಮುಕ್ಕಾಲು ಸಾವಿರ, ಹದಿಮೂರು ಸಾವಿರ ಡಾಲರ್ ಹಿಂಗಿರ್ತವೆ. ಮಾಮೂಲಾಗಿ ನಾನು ಪ್ರೊ ತಗೊಳಿ, ಮಿಕ್ಕ ದುಡ್ಡಲ್ಲಿ ಊರಿಗೆ ಹೋಗ್ಬನ್ನಿ ಅಂತೀನಿ, ಆದ್ರೆ ಗಾಡ್ಜಿಲಾದಲ್ಲಿ ಪ್ರೀಮಿಯಂನಲ್ಲಿ ಕಟ್ಟಡ ಮಹಡಿ ಮಹಡಿಯಾಗಿ ಕುಸಿಯತ್ತೆ, ಸೇತುವೆ ಮುರಿಯತ್ತೆ, ಪ್ರೊನಲ್ಲಿ ಎರಡೂ ಸುಮ್ನೆ ನಿಂತಿರ್ತವೆ. ಊರು ಒಡೆಯೋ ಪ್ರಾಣಿ ಹೆಸರಿಟ್ಟು ಕಟ್ಟಡ ಬೀಳ್ದೇ ಇದ್ರೆ ಹೆಂಗೆ? ಆದ್ರೂ ಆಟಕ್ಕೆ ಪ್ರೊ ಸಾಕು, ನೋಡೋಕೆ ಪ್ರೀಮಿಯಂ. ಸ್ಕ್ರೂಡ್ರೈವರ್ ಹಿಡಿಯೋಕೆ ಬರದೇ ಇರೋರು ಹಳೇ ಮೆಷಿನ್ ಆಸೆ ಬಿಟ್ಟು ಇಂಥ ಹೊಸದೇ ತಗೊಳಿ, ವಾರಂಟಿ ಇರತ್ತೆ, ಸಾಫ್ಟ್‌ವೇರ್ ಅಪ್‌ಡೇಟ್ ಬರ್ತಿರತ್ತೆ.

ಐದನೇದು, ನಮ್ಮನೇದು. ಫಿಶ್ ಟೇಲ್ಸ್, 1992, ವಿಲಿಯಮ್ಸ್, ಮಾರ್ಕ್ ರಿಚಿ ಡಿಸೈನು, 13,640 ಮಾಡಿದ್ರಿಂದ ಹುಡುಕಿದ್ರೆ ಸಿಗತ್ತೆ. ಮೇಲೆ ತಲೆ ಮೇಲೆ ಒಂದು ಪ್ಲಾಸ್ಟಿಕ್ ಮೀನು, ಆಗಾಗ ಬಾಲ ಬಡಿಯತ್ತೆ. ಬಾಲ್ ಬಿಡೋಕೆ ಎಳೆಯೋ ಪ್ಲಂಜರ್ ಇಲ್ಲ, ಗಾಳದ ಕಡ್ಡಿ ಹಿಡಿ ಥರ ಇದೆ, ಟ್ರಿಗರ್ ಒತ್ತಬೇಕು. ಹಿಡಿದ ಮೀನು ಇಷ್ಟುದ್ದ ಇತ್ತು ಅಂತ ಸುಳ್ಳು ಹೇಳಿದ್ರೂ ಪಾಯಿಂಟ್ ಕೊಡತ್ತೆ, ಅಂಥ ಮೆಷಿನ್. ಮತ್ತೆ ಕ್ರೂರಿ. ಫ್ಲಿಪ್ಪರ್‌ಗಳು ಮಾಮೂಲಿಗಿಂತ ಒಂದು ಕೂದಲೆಳೆ ಗಿಡ್ಡ, ಎರಡೂ ಪಕ್ಕದ ಔಟ್‌ಲೇನ್, ಅಂದ್ರೆ ಬಾಲ್ ಒಳಗೆ ಹೋದ್ರೆ ಕಳೆದೇಹೋಗೋ ದಾರಿಗಳು, ಬಾಯಿ ತೆಕ್ಕೊಂಡು ಕೂತಿರ್ತವೆ, ಹೊಸದ್ರಲ್ಲಿ ನನ್ನ ಆಟ ಒಂದೂವರೆ ನಿಮಿಷಕ್ಕೆ ಮುಗೀತಿತ್ತು. ಇದು ಕಲಿಸಿದ್ದು ತಟ್ಟೋದು. ಬಾಲ್ ಎಡಗಡೆ ಔಟ್‌ಲೇನ್ ಕಡೆ ವಾಲಿದಾಗ, ಲೇನ್ ತುದಿಯ ರಬ್ಬರಿಗೆ ಅದು ತಾಗೋ ಆ ಕ್ಷಣದಲ್ಲಿ, ಅಂಗೈಯಿಂದ ಮೆಷಿನ್ ಪಕ್ಕಕ್ಕೆ ಒಂದೇ ಒಂದು ಏಟು, ಜೋರಾಗಿ ಅಲ್ಲ, ಮಲಗಿರೋ ಮಗು ಎಬ್ಬಿಸೋವಾಗ ತಟ್ಟೋ ಅಷ್ಟು. ಬಾಲು ಅರ್ಧ ಇಂಚು ಹಾರಿ ಒಳಗಿನ ಲೇನಿಗೆ ಬರತ್ತೆ. ಸ್ವಲ್ಪ ಜಾಸ್ತಿ ಆದ್ರೆ ಒಳಗೆ ಬಳೆ ಮಧ್ಯೆ ನೇತಾಡ್ತಿರೋ ಗಂಟೆ ನಾಲಿಗೆಯಂಥ ತೂಕದ ಗುಂಡು ಬಳೆಗೆ ತಾಗಿ ಟಿಲ್ಟ್, ಲೈಟೆಲ್ಲ ಆಫ್, ಫ್ಲಿಪ್ಪರ್ ಸತ್ತೋಯ್ತು, ಬಾಲು ಮೆಲ್ಲಗೆ ಕಣ್ಣ ಮುಂದೆನೇ ಇಳ್ಕೊಂಡು ಹೋಗತ್ತೆ.

ತಗೊಂಡ ಕಥೆ ಹೇಳ್ಬೇಕು. ಒಬ್ಬ ಸೆಲ್ಲರ್ ಮನೇಲಿ ನೋಡ್ದೆ, ಆನ್ ಆಗ್ತಿತ್ತು, ಹೊಳೀತಿತ್ತು, ಸ್ಕೋರ್ ತೋರಿಸೋ ಹಿಂದಿನ ಪೆಟ್ಟಿಗೆ, ಅದೇ ಮೆಷಿನ್ ತಲೆ, ಅದರ ಬೀಗದ ಕೈ ಎಲ್ಲೋ ಕಳೆದೋಗಿದೆ ಅಂದ, ಪರವಾಗಿಲ್ಲ ಅಂದೆ. ಭಾವ ಮತ್ತೆ ನಾನು ಕಾಲು ಬಿಚ್ಚಿ, ತಲೆ ಮಡಚಿ, 110 ಕೆಜಿ ಮೇಲಿರೋ ಆ ಶವನ ಬೇಸ್‌ಮೆಂಟ್ ಮೆಟ್ಟಿಲಲ್ಲಿ ಇಳಿಸೋಷ್ಟರಲ್ಲಿ ಭಾವ ನನ್ನ ಜೊತೆ ಮಾತು ಬಿಟ್ಟಿದ್ರು. ಮೂರು ವಾರಕ್ಕೆ ಬಾಲ್ ತಾಗಿದ್ರೆ ಒದೆಯೋ ಬಂಪರ್ ಕೆಲಸ ನಿಲ್ಲಿಸ್ತು, ಆಮೇಲೆ ಲೈಟು. ಬೀಗ ಡ್ರಿಲ್ ಮಾಡಿ ತೆಗೆದ್ರೆ ಒಳಗೆ ಬೋರ್ಡ್ ಮೇಲಿನ ಮೂರು ಡಬಲ್ ಎ ಬ್ಯಾಟರಿ ಸೋರಿ, ಹಸಿರು ಬೂಷ್ಟು ಇಳಿದು ಬೋರ್ಡಿನ ತಾಮ್ರದ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಹೈ ಸ್ಕೋರ್ ನೆನಪಿಡೋಕೆ ಅಂತ ಇರೋ ಬ್ಯಾಟರಿ ಅದು. ಹೊಸ ಬೋರ್ಡಿಗೆ ಆದ ಖರ್ಚು ಸೇರಿಸಿದ್ರೆ ನಾನು ಉಳಿಸಿದೆ ಅಂದ್ಕೊಂಡಿದ್ದ ದುಡ್ಡು ಅಲ್ಲಿಗೇ ಸರಿಹೋಯ್ತು. ಅಷ್ಟಾದ್ರೂ ನಾಲ್ಕರಿಂದ ಆರು ಸಾವಿರದ ಒಳಗೆ, ಎರಡು ನಿಮಿಷದ ಆಟ, ಮೂರು ಜನ ಸಾಲಾಗಿ ನಿಂತು ಬದಲಾಯಿಸ್ಕೊಂಡು ಆಡೋಕೆ ಇದಕ್ಕಿಂತ ಒಳ್ಳೇದು ನಂಗೆ ಸಿಕ್ಕಿಲ್ಲ. ಗಾಡ್ಜಿಲಾದಲ್ಲಿ ಚೆನ್ನಾಗಿ ಆಡೋನು ಒಬ್ಬ ನಿಂತ್ರೆ ಮಿಕ್ಕೋರು ಊಟ ಮುಗಿಸಿ ಬರಬೋದು.

ಆರನೇದು ಟ್ವೈಲೈಟ್ ಜೋನ್, 1993, ಮತ್ತೆ ಪ್ಯಾಟ್ ಲಾಲರ್, 15,235 ಮಾಡಿದ್ರು. ಮಾಮೂಲಿಗಿಂತ ಅಗಲದ ಮೆಷಿನ್, ಒಳಗೆ ಏನಿಲ್ಲ ಕೇಳಿ: ಓಡೋ ಗಡಿಯಾರ, ಚೂಯಿಂಗ್ ಗಮ್ ಉಂಡೆ ಉದುರಿಸೋ ಥರದ ಗಮ್‌ಬಾಲ್ ಮೆಷಿನ್, ಫ್ಲಿಪ್ಪರ್ ಬದ್ಲು ಆಯಸ್ಕಾಂತದಲ್ಲಿ ಆಡೋ ಪುಟ್ಟ ಟೇಬಲ್ಲು, ಮತ್ತೆ ಒಂದು ಬಿಳೀ ಸೆರಾಮಿಕ್ ಬಾಲು, ಸ್ಟೀಲಿಗಿಂತ ಹಗುರ, ಆಯಸ್ಕಾಂತಕ್ಕೆ ಸಿಗಲ್ಲ, ಅದು ಬಂದಾಗ ಕೈ ಲೆಕ್ಕವೆಲ್ಲ ತಪ್ಪತ್ತೆ. ಇದು ಭಾವನ ಹತ್ರ ಇದೆ. ಭಾನುವಾರ ಫೋನ್ ಮಾಡಿದ್ರೆ ಟಾರ್ಚ್ ಬಾಯಲ್ಲಿ ಕಚ್ಕೊಂಡು ಅದರೊಳಗೆ ತಲೆ ಹಾಕಿರ್ತಾರೆ, ಆಡಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ, ಮತ್ತೆ ಅವರಷ್ಟು ಸುಖವಾಗಿರೋ ಪಿನ್‌ಬಾಲ್ ಓನರ್‌ನ ನಾನು ನೋಡಿಲ್ಲ. ಅಂಥೋರಿಗೆ ಇದು ಒಂದನೇ ನಂಬರ್.

ಇನ್ನು ಏಟ್ ಬಾಲ್ ಡೀಲಕ್ಸ್, 1981, ಬ್ಯಾಲಿ. ಒಂದೇ ಸಲಕ್ಕೆ ಹಲವು ಬಾಲ್ ಬರೋ ಮಲ್ಟಿಬಾಲ್ ಇಲ್ಲ, ವಿಡಿಯೋ ಇಲ್ಲ, ಒಂದೇ ಬಾಲು, ಬಿಲಿಯರ್ಡ್ಸ್ ಥರ ಟಾರ್ಗೆಟ್ ಬೀಳಿಸ್ತಾ ಹೋಗೋದು. ನಾಲ್ಕು ಸಾವಿರದ ಒಳಗೆ ಬಜೆಟ್ ಇದ್ರೆ, ಗುರಿ ಕಲೀಬೇಕು ಅಂದ್ರೆ, ಇದು. ಅಮ್ಮ ಟೆಸ್ಟ್ ಪಾಸ್, ಮಗಳು ಟೆಸ್ಟ್ ಫೇಲ್, ಅವಳಿಗೆ ರಾಕ್ಷಸ ಬೇಕು.

ಫನ್‌ಹೌಸ್ ಬಿಟ್ಟಿದೀನಿ ಅಂತ ಗೊತ್ತಿರೋರು ಬೈತಾರೆ. 1990ರದ್ದು, ರೂಡಿ ಅಂತ ಒಂದು ಬೊಂಬೆ ತಲೆ ಇದೆ, ಬಾಲ್ ಹೋದ ಕಡೆ ಕಣ್ಣು ತಿರುಗಿಸತ್ತೆ, ಮಾತಾಡತ್ತೆ, ನಿದ್ದೆ ಹೋದಾಗ ಬಾಯಿಗೆ ಬಾಲ್ ಹಾಕ್ಬೇಕು. ನಂಗಿಷ್ಟ. ನನ್ನ ಹೆಂಡತಿ ಆ ತಲೆ ಇರೋ ಮನೇಲಿ ರಾತ್ರಿ ನೀರು ಕುಡಿಯೋಕೂ ಎದ್ದು ಬರಲ್ಲ ಅಂದ್ಲು, ಮುಗೀತು ಚರ್ಚೆ.

ಈಗ ನನ್ನ ಮೂರು ಜನಕ್ಕೆ ತಿದ್ದಿ ಹೇಳಿದ ಉತ್ತರ. ಇಬ್ಬರು ಸಣ್ಣ ಮಕ್ಕಳಿರೋನಿಗೆ, ಒಂಬತ್ತು ಸಾವಿರದವರೆಗೂ ತಯಾರಿದಾನೆ, ಮೆಡೀವಲ್ ಮ್ಯಾಡ್ನೆಸ್ ರೀಮೇಕ್. ಒಬ್ಬನೇ ಆಡೋನು, ಬಲ್ಬ್ ಬದಲಾಯಿಸೋಕೂ ಎಲೆಕ್ಟ್ರೀಷಿಯನ್ ಕರೆಯೋನಿಗೆ, ಗಾಡ್ಜಿಲಾ ಪ್ರೊ. ಮೂರನೆಯವನ ಬಜೆಟ್ ಮೂರೂವರೆ ಸಾವಿರ, ಅದೂ ಅಪಾರ್ಟ್‌ಮೆಂಟ್ ಎರಡನೇ ಮಹಡಿ. ಅವನಿಗೆ ತಗೋಬೇಡ ಅಂದೆ. ಫ್ಲಿಪ್ಪರ್ ಹೊಡೆತ ನೆಲಕ್ಕೆ ಇಳಿಯತ್ತೆ, ಕೆಳಗಿನ ಮನೆಯವರು ಮೊದಲ ವಾರದಲ್ಲೇ ಬಾಗಿಲು ತಟ್ತಾರೆ. ಅವನ ಬಜೆಟ್‌ಗೆ ಶಿಕಾಗೊದ ಲೋಗನ್ ಆರ್ಕೇಡಲ್ಲಿ ವರ್ಷಗಟ್ಟಲೆ ಆಡಬೋದು. ಕ್ಯಾಲಿಫೋರ್ನಿಯಾ ಕಡೆ ಇರೋರು ಆಲಮೀಡಾದ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಂಗೆ ಹೋಗಿ, ಒಂದ್ಸಲ ಟಿಕೆಟ್ ತಗೊಂಡ್ರೆ ಕಾಸು ಹಾಕ್ದೇನೇ ಎಷ್ಟು ಬೇಕಾದ್ರೂ ಆಡಬೋದು. ಲಾಸ್ ವೇಗಸ್‌ಗೆ ಹೋಗೋರು ಕ್ಯಾಸಿನೋಲಿ ಕಳೆಯೋದ್ರ ಬದ್ಲು ಅಲ್ಲಿನ ಪಿನ್‌ಬಾಲ್ ಹಾಲ್ ಆಫ್ ಫೇಮಲ್ಲಿ ಕಳೀರಿ. ತಗೊಳೋದೇ ಗ್ಯಾರಂಟಿ ಅನ್ನೋರು ಶಿಕಾಗೊ ಕಡೆ ಪ್ರತಿ ಶರತ್ಕಾಲಕ್ಕೆ ನಡೆಯೋ ಪಿನ್‌ಬಾಲ್ ಎಕ್ಸ್‌ಪೋಗೆ ಬನ್ನಿ, 1985ರಿಂದ ನಡೀತಿದೆ, ಒಂದೇ ದಿನದಲ್ಲಿ ಹಳೇದು ಹೊಸದು ಎಲ್ಲಾ ಅಕ್ಕಪಕ್ಕ ಆಡಿ ನೋಡಬೋದು. ಬೆಂಗಳೂರಿಗೆ ಕಳಿಸಬೋದಾ ಅಂತ ನನ್ನ ತಮ್ಮ ಕೇಳ್ತಿದ್ದ. ವೋಲ್ಟೇಜ್ ತೊಂದ್ರೆ ಇಲ್ಲ, ಟ್ರಾನ್ಸ್‌ಫಾರ್ಮರ್ ವೈರಿಂಗ್ ಬದಲಾಯಿಸಿದ್ರೆ 230ಕ್ಕೂ ಓಡತ್ತೆ, ಆದ್ರೆ ಫ್ಲಿಪ್ಪರ್ ಓಡಿಸೋ ಒಂದು ಕಾಯಿಲ್ (ತಂತಿ ಸುರುಳಿ) ಸುಟ್ರೆ ಆ ಪಾರ್ಟ್ ಇಲ್ಲಿಂದಲೇ ಯಾರಾದ್ರೂ ಸೂಟ್‌ಕೇಸಲ್ಲಿ ತರಬೇಕು, ಆ ಯಾರಾದ್ರೂ ನಾನೇ ಆಗಿರ್ತೀನಿ, ಅದಕ್ಕೆ ಬೇಡ ಅಂದೆ.

ಹಳೇದು ನೋಡೋಕೆ ಹೋದಾಗ ಜೇಬಲ್ಲಿ ಟಾರ್ಚ್ ಇರಲಿ. ಮೊದಲು ಗಾಜು ತೆಗೆಸಿ, ಫ್ಲಿಪ್ಪರ್ ಮುಂದೆ ಮತ್ತೆ ಬಾಲ್ ಬೀಳೋ ಜಾಗಗಳಲ್ಲಿ ಬಣ್ಣ ಸವೆದು ಮರ ಕಾಣ್ತಿದೆಯಾ ನೋಡಿ, ಅದನ್ನ ಸರಿಮಾಡೋದು ಎಲ್ಲಕ್ಕಿಂತ ದುಬಾರಿ. ಮೂರು ಆಟ ಪೂರ್ತಿ ಆಡಿ, ಮೆಷಿನ್ ಬಿಸಿಯಾದ್ಮೇಲೆ ಫ್ಲಿಪ್ಪರ್ ಸೋತು ಬಾಲನ್ನ ರ‍್ಯಾಂಪ್ (ಏರುದಾರಿ) ಹತ್ತಿಸೋಕಾಗದೇ ಇದ್ರೆ ಬೆಲೇಲಿ ಇನ್ನೂರು ಮುನ್ನೂರು ಕಮ್ಮಿ ಕೇಳಿ, ಅದು ರಿಪೇರಿ ಆಗೋ ಕಾಯಿಲೆ. ಆಮೇಲೆ ಹಿಂದಿನ ಪೆಟ್ಟಿಗೆ ತೆಗೆಸಿ, ಬ್ಯಾಟರಿ ತೋರಿಸಿ ಅನ್ನಿ. ಬೀಗದ ಕೈ ಕಳೆದೋಗಿದೆ ಅಂದ್ರೆ ಥ್ಯಾಂಕ್ಸ್ ಹೇಳಿ ಕಾರ್ ಹತ್ತಿ.